ಎಡಗಾಲು ಮೊದಲು

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಬಾಗಿಲಲ್ಲಿ ಎಲ್ಲರೂ ಒಟ್ಟಿಗೆ ಕೂಗಿದರು. "ಬಲಗಾಲು, ಬಲಗಾಲು! ಬಲಗಾಲಿಟ್ಟು ಬನ್ನಿ!" ನಾನೊಬ್ಬಳು ಹಿಂದಿನಿಂದ "ಎಡಗಾಲು ಅಕ್ಕ, ಎಡಗಾಲು ಮೊದಲು!" ಎಂದು ಕೂಗಿದೆ. ನನ್ನದು ಒಂದೇ ಓಟು. ಬಲಗಾಲು ಗೆದ್ದಿತು.

ಬಂದವರು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ವಯಸ್ಸು ಎಂಬತ್ತರ ಹತ್ತಿರ. ಕಾಗೆಗೆ ಅನ್ನ ಇಡಲು ಹಿತ್ತಿಲ ಕಟ್ಟೆಗೆ ಹೋದವರು ಜಾರಿ ಬಿದ್ದು ಬಲಸೊಂಟ ಮುರಿದುಕೊಂಡಿದ್ದರು. ಕಾಗೆ ಮಾತ್ರ ಪೂರ್ತಿ ಅನ್ನ ತಿಂದೇ ಹೋಯಿತಂತೆ. ಅದನ್ನು ಆಂಬುಲೆನ್ಸಿನಲ್ಲಿ ಮಲಗಿಕೊಂಡೇ ಅವರು ನನಗೆ ಹೇಳಿದರು.

ನಾನು ಫಿಸಿಯೋಥೆರಪಿಸ್ಟ್. ಆಸ್ಪತ್ರೆಯ ಕೆಲಸ ಬಿಟ್ಟ ಮೇಲೂ ಈ ತಮಿಳು ಊರಿನ ವೆಸ್ಟ್ ಮಾಂಬಲಂನ ಓಣಿಗಳಲ್ಲಿ ಮನೆಮನೆಗೆ ಹೋಗಿ, ಮೂಳೆ ಮುರಿದವರನ್ನು ಎಬ್ಬಿಸಿ ನಡೆಸುತ್ತೇನೆ. ನನಗಿಂತ ಚಿಕ್ಕವರನ್ನೂ "ಏಳಿ ಅಜ್ಜಿ" ಎಂದು ಕರೆಯುವುದು ನನ್ನ ಒಂದು ಸಣ್ಣ ಸಂತೋಷ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಗಷ್ಟೇ ಕಲಿತಿದ್ದೇನೆ. ಒಂದೇ ಬೆರಳಿನ ಕೆಲಸವಾದ್ದರಿಂದ ಇಲ್ಲಿ ಅನಾವಶ್ಯಕ ಮಾತು ಇರುವುದಿಲ್ಲ. ಇದ್ದರೆ ಅದು ಬೇಕೆಂದೇ ಒತ್ತಿದ್ದು.

ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಚೆಂಡಿದೆ. ಅದು ಸೊಂಟದ ಗುಳಿಯೊಳಗೆ ಕೂತು ತಿರುಗುತ್ತದೆ. ಅಕ್ಕನ ಮೂಳೆ ಆ ಚೆಂಡಿಗಿಂತ ಸ್ವಲ್ಪ ಕೆಳಗೆ ಓರೆಯಾಗಿ ಮುರಿದಿತ್ತು. ಸರ್ಜನ್ ತೊಡೆಮೂಳೆಯ ಒಳಗೆ ಲೋಹದ ಸರಳೊಂದನ್ನು ಇಳಿಸಿ, ಅದರ ಮೂಲಕ ದಪ್ಪನೆಯ ತಿರುಪೊಂದನ್ನು ಚೆಂಡಿನೊಳಕ್ಕೆ ಹಾಕಿದ್ದರು. ಮೂಳೆ ಕೂಡುವವರೆಗೆ ಭಾರ ಹೊರುವುದು ಈ ಸರಳು, ಈ ತಿರುಪು. ವಾಕರ್ ಹಿಡಿದು, ನೋವು ತಡೆಯಲಾಗುವಷ್ಟು ಭಾರ ಹಾಕಿ ನಡೆಯಬಹುದು ಎಂದಿದ್ದರು.

ಮೆಟ್ಟಿಲಿಗೆ ನಮ್ಮ ಕಸುಬಿನಲ್ಲಿ ಒಂದೇ ನಿಯಮ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಹತ್ತುವಾಗ ಯಾವ ಕಾಲು ಮೊದಲು ಮೇಲೆ ಹೋಗುತ್ತದೋ ಅದೇ ಇಡೀ ಮೈಯನ್ನು ಎತ್ತಬೇಕು, ಅದಕ್ಕೆ. ಅಕ್ಕನದು ನೆಲಮಹಡಿಯ ಫ್ಲಾಟು. ಒಂದು ವರ್ಷ ಮಳೆನೀರು ಒಳಗೆ ನುಗ್ಗಿ ಅಕ್ಕಿ ಡಬ್ಬಗಳು ತೇಲಿದ ಮೇಲೆ ಮನೆಯ ನೆಲವನ್ನು ಎತ್ತರಿಸಿದ್ದರು. ಹೊರಗಿನ ಪ್ಯಾಸೇಜನ್ನು ಯಾರೂ ಎತ್ತರಿಸಲಿಲ್ಲ. ಹಾಗಾಗಿ ಬಾಗಿಲಲ್ಲಿ ಒಂದು ದೊಡ್ಡ ಮೆಟ್ಟಿಲು, ಅದರ ಮೇಲೆ ಹಳೆಯ ತೇಗದ ಹೊಸ್ತಿಲು. ಅದನ್ನು ಆ ದಿನ ಅಕ್ಕ ಮುರಿದ ಬಲಗಾಲಿನಲ್ಲಿ ಹತ್ತಿದರು. ಸೊಸೆ ಆರತಿ ಎತ್ತಿದಳು. ನಾನು ವಾಕರ್ ಹಿಡಿದು ಹೊರಗೇ ನಿಂತಿದ್ದೆ.

ಮಾರನೆಯ ಬೆಳಿಗ್ಗೆಯಿಂದ ಕೆಲಸ ಶುರುವಾಯಿತು. ಮೊದಲು ಹಾಸಿಗೆಯ ಮೇಲೆ. ರಕ್ತ ಹೆಪ್ಪುಗಟ್ಟದಂತೆ ಪಾದ ಆಡಿಸುವುದು. ಆಮೇಲೆ ಮಂಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಒತ್ತಿಸುವುದು.

"ಪಾದ ಮೇಲೆ, ಪಾದ ಕೆಳಗೆ. ನಿಲ್ಲಿಸ್ಬೇಡಿ."

"ಹೊಲಿಗೆ ಮಿಷಿನ್ ತುಳಿದ ಹಾಗಿದೆ. ಬಟ್ಟೆ ಎಲ್ಲಿ?"

"ಬಟ್ಟೆ ಆಮೇಲೆ. ಈಗ ಮಂಡಿ ಒತ್ತಿ. ಇನ್ನೂ. ಇನ್ನೂ."

"ನೀನು ಮದುವೆಯಾಗಿ ಬಂದಾಗಿಂದ ನಾನು ನಿನಗೆ ಕೆಲಸ ಹೇಳ್ತಿದ್ದೆ. ಈಗ ಸೇಡು ತೀರಿಸ್ಕೋತಿದೀಯ."

"ಹೌದು. ಒತ್ತಿ."

ಆಮೇಲೆ ಮಂಚದ ಅಂಚಿನಲ್ಲಿ ಕೂರುವುದು, ನಿಲ್ಲುವುದು, ಅಡುಗೆಮನೆಯ ಬಾಗಿಲವರೆಗೆ ವಾಕರ್. ಭಾವನವರದೊಂದು ಹಳೆಯ ಪಂಚೆಯನ್ನು ಪಟ್ಟಿಯಾಗಿ ಮಡಿಸಿ ಅವರ ಸೊಂಟಕ್ಕೆ ಕಟ್ಟಿ, ಹಿಂದಿನಿಂದ ನಾನು ಹಿಡಿದಿರುತ್ತಿದ್ದೆ. ಅಂಗಡಿಯಲ್ಲಿ ಇದಕ್ಕೆಂದೇ ಬೆಲ್ಟ್ ಸಿಗುತ್ತದೆ. ಅಕ್ಕ ಬೇಡವೆಂದರು. "ಬದುಕಿದ್ದಾಗ ಒಂದು ದಿನ ನನ್ನ ಕೈ ಹಿಡಿದು ನಡೆಸ್ಲಿಲ್ಲ ಆ ಮನುಷ್ಯ. ಈಗಾದ್ರೂ ಹಿಡೀಲಿ."

ಒಂದು ಬೆಳಿಗ್ಗೆ ನಾನು ಎಂದಿಗಿಂತ ಬೇಗ ಹೋದೆ. ಅಕ್ಕ ಪ್ಯಾಸೇಜಿನಲ್ಲಿ ನಿಂತಿದ್ದರು. ವಾಕರ್ ಒಳಗೆಲ್ಲೋ ಇತ್ತು. ಹೊಸ್ತಿಲಿಗೆ ಅರಿಶಿನ ಬಳಿದು ಕುಂಕುಮ ಇಟ್ಟಾಗಿತ್ತು. ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ಒಳಗೆ ಹತ್ತಲು ಕಾಲೆತ್ತಿದ್ದರು.

"ಅಕ್ಕ! ಯಾವ ಕಾಲು ಅದು?"

"ನನ್ನದೇ."

"ಎಡಗಾಲು ಮೊದಲು ಅಂತ ಆಸ್ಪತ್ರೆ ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳ್ಕೊಟ್ಟಿಲ್ವಾ ನಿಮಗೆ?"

"ಅದು ಆಸ್ಪತ್ರೆ ಕಣೇ. ಅಲ್ಲಿಗೆ ಯಾವ ಕಾಲಿಟ್ಟು ಹೋದ್ರೇನು? ಇದು ಮನೆ. ಬೆಳಬೆಳಿಗ್ಗೆ ಎಡಗಾಲಿಟ್ಟು ಒಳಗೆ ಬರೋಕೆ ನಾನೇನು ಸೂತಕದ ಮನೆಗೆ ಬರ್ತಿದೀನಾ?"

ಹೇಳುತ್ತಲೇ ಬಲಗಾಲಿಟ್ಟು ಹತ್ತಿಬಿಟ್ಟರು. ಮುಖ ಕಿವುಚಿತು, ಬಾಯಿ ಮುಚ್ಚಿಯೇ ಇತ್ತು.

ಸೊಸೆ ಒಳಗಿನಿಂದ ಬಂದಳು. ದಿನವೂ ಹೀಗೇನಾ ಎಂದು ಕೇಳಿದೆ.

"ನಾನಿಡ್ತೀನಿ ಅಂದ್ರೆ ಬಿಡಲ್ಲ ಚಿಕ್ಕತ್ತೆ. ನಾನು ಬಳಿದ್ರೆ ಅರಿಶಿನ ತಿಟ್ಟುತಿಟ್ಟಾಗಿ ಕೂರತ್ತಂತೆ."

ಆವತ್ತು ಒಂದು ಒಪ್ಪಂದವಾಯಿತು. ಅಕ್ಕ ಒಳಗೆ ಕುರ್ಚಿಯಲ್ಲಿ ಕೂತು ಕುಂಕುಮ ಕೊಡುವುದು, ಸೊಸೆ ಇಡುವುದು, ಅಕ್ಕ ಅಲ್ಲಿಂದಲೇ ತಪ್ಪು ಹುಡುಕುವುದು. ಹೊಸ್ತಿಲು ದಾಟುವುದು ಆಸ್ಪತ್ರೆಗೆ ಹೋಗುವಾಗ ಮಾತ್ರ. ತಪ್ಪು ಹುಡುಕುವ ಕೆಲಸ ಸಿಕ್ಕಿದ್ದರಿಂದ ಅವರು ಒಪ್ಪಿದರು.

ಅದಾದ ಸ್ವಲ್ಪ ದಿನಕ್ಕೆ ಮಂಡಿ ನೋವು ಬಂತು. ಬಲಮಂಡಿ. ಸೊಸೆ ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಮಗ ಅಣ್ಣಾ ನಗರದ ಬ್ಯಾಂಕಿನಿಂದ ಬರುವಾಗ ಮಂಡಿಗೆ ಹಾಕುವ ಪಟ್ಟಿ ತಂದ. ಆಪರೇಷನ್ನಿನ ಗಾಯ ಒಣಗಿದೆ, ಸೊಂಟ ನೋಯುತ್ತಿಲ್ಲ, ಇದು ಬರೀ ವಯಸ್ಸಿನ ಮಂಡಿ ಎಂಬುದು ಮನೆಯವರ ತೀರ್ಮಾನ. ಸೊಂಟದ ಕೀಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುವುದು ಉಂಟು, ಎರಡಕ್ಕೂ ಹೋಗುವ ನರ ಒಂದೇ. ನನಗೆ ಅದು ಗೊತ್ತಿತ್ತು. ಎಷ್ಟೋ ಸಲ ಅದು ಬರೀ ಮಂಡಿಯೇ ಆಗಿರುತ್ತದೆ ಎಂಬುದೂ ಗೊತ್ತಿತ್ತು.

"ನಿಂತ್ಕೊಳ್ಳಿ ನೋಡೋಣ" ಎಂದೆ.

ಅಕ್ಕ ವಾಕರ್ ಹಿಡಿದು ನಿಂತರು. ನೀಲಿ ಹೂವಿನ ನೈಟಿ. ಅದೇ ನೈಟಿಯನ್ನು ನಾನು ವಾರಗಳಿಂದ ನೋಡುತ್ತಿದ್ದೆ, ಅಂಚು ಎರಡೂ ಪಾದದ ಮೇಲೆ ಸಮನಾಗಿ ನಿಲ್ಲುತ್ತಿತ್ತು. ಈಗ ಬಲಗಡೆ ಅಂಚು ನೆಲ ಮುಟ್ಟುತ್ತಿತ್ತು. ಎಡಗಡೆ ಹಿಮ್ಮಡಿ ಕಾಣುತ್ತಿತ್ತು.

"ಈ ನೈಟಿ ಒಗೆದಾಗ ಎಳೆದುಕೊಂಡು ಹೋಗಿದ್ಯಾ?" ಎಂದು ಸೊಸೆಯನ್ನು ಕೇಳಿದೆ. ಉತ್ತರ ಬೇಕಿರಲಿಲ್ಲ. ಕೇಳುವಾಗಲೇ ಅಕ್ಕನನ್ನು ಕೂರಿಸುತ್ತಿದ್ದೆ.

ಮಲಗಿಸಿ ಎರಡೂ ಕಣಕಾಲಿನ ಒಳಗಂಟುಗಳನ್ನು ಹೆಬ್ಬೆರಳಿನಲ್ಲಿ ಹಿಡಿದು ಜೋಡಿಸಿದೆ. ಜೋಡಿಯಾಗಲಿಲ್ಲ. ಬಲಗಾಲು ಗಿಡ್ಡವಾಗಿತ್ತು, ಪಾದ ಹೊರಕ್ಕೆ ಹೊರಳಿತ್ತು. ತೊಡೆಯನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿದಾಗ ಅಕ್ಕ ನನ್ನ ಮಣಿಕಟ್ಟು ಹಿಡಿದರು. ಆ ಬಾಯಿ ಸುಮ್ಮನಿದೆಯೆಂದರೆ ನೋವು ಎಷ್ಟಿರಬೇಕು ಎಂದು ಬೇರೆ ದಿನವಾಗಿದ್ದರೆ ತಮಾಷೆ ಮಾಡುತ್ತಿದ್ದೆ.

ಮಗನಿಗೆ ಫೋನ್ ಮಾಡಿದೆ. "ಈಗಲೇ ಎಕ್ಸ್‌ರೇ ಆಗ್ಬೇಕು. ಇನ್ಮೇಲೆ ಕಾಲು ಊರೋ ಹಾಗಿಲ್ಲ."

"ಚಿಕ್ಕಮ್ಮ, ಡಾಕ್ಟರ್ ಮುಂದಿನ ತಿಂಗಳು ಬರೋಕೆ ಹೇಳಿದಾರಲ್ಲ. ಎಕ್ಸರ್ಸೈಜ್ ಮಾಡಿದ್ರೆ ವಲಿ ಇರತ್ತೆ ಅಂತ ನೀವೇ ಅಂದ್ರಿ."

"ಇದು ಆ ನೋವಲ್ಲ ಕಣಪ್ಪ."

ಸಂಜೆಯೊಳಗೆ ಫಿಲ್ಮು ಬಂತು. ಸರ್ಜನ್ ಹಳೆಯದನ್ನೂ ಹೊಸದನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಪಕ್ಕಪಕ್ಕ ಸಿಕ್ಕಿಸಿದರು. ಹಳೆಯದರಲ್ಲಿ ತಿರುಪಿನ ತುದಿ ಚೆಂಡಿನೊಳಗಿತ್ತು. ಹೊಸದರಲ್ಲಿ ಚೆಂಡು ಕೆಳಕ್ಕೆ ವಾಲಿತ್ತು, ತಿರುಪು ಅದರ ನೆತ್ತಿಯನ್ನು ಸೀಳಿ ಹೊರಬಂದು ಸೊಂಟದ ಗುಳಿಯನ್ನು ಕೆರೆಯುತ್ತಿತ್ತು. ಇಂಥ ಫಿಲ್ಮುಗಳನ್ನು ನಾನು ಬಹಳ ನೋಡಿದ್ದೇನೆ. ನೋಡಿದೆ, ತಲೆಯಾಡಿಸಿದೆ. ಏನೂ ಅನ್ನಿಸಲಿಲ್ಲ. ಕೋಣೆಯಲ್ಲಿ ಏಸಿ ಜಾಸ್ತಿ ಇದೆ ಎನ್ನಿಸಿತು, ಅಷ್ಟೆ.

ಸರ್ಜನ್ ಸಭ್ಯ ಮನುಷ್ಯ, ಮುಚ್ಚಿಡಲಿಲ್ಲ. ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಮೂಳೆ ಒಳಗೆ ಟೊಳ್ಳಾಗಿದೆ, ಒದ್ದೆ ರಸ್ಕಿನಲ್ಲಿ ಮೊಳೆ ಹೊಡೆದ ಹಾಗೆ. ಮುರಿತವೂ ಕೆಟ್ಟ ಬಗೆಯದು. ಮೊದಲ ದಿನವೇ ತಿರುಪಿನ ತುದಿ ಬೇಕಾದ್ದಕ್ಕಿಂತ ಒಂದು ಎಳೆ ಮೇಲಿತ್ತು. ಇವುಗಳಲ್ಲಿ ಯಾವುದರಿಂದಾದರೂ ಆಗಬಹುದು, ಎಲ್ಲ ಸೇರಿಯೂ ಆಗಬಹುದು.

ನಾನು ಬಾಗಿಲ ಮೆಟ್ಟಿಲಿನ ಕಥೆ ಹೇಳಿ, ಅದರಿಂದ ಆಯಿತೇ ಎಂದು ಕೇಳಿದೆ.

ಅವರು ಎರಡೂ ಫಿಲ್ಮನ್ನು ಇನ್ನೊಮ್ಮೆ ನೋಡಿದರು. "ಸೊಲ್ಲ ಮುಡಿಯಾದಮ್ಮಾ" ಎಂದರು. ಹೇಳಲಾಗದು. ಮೆಟ್ಟಿಲೇ ಇಲ್ಲದ ಮನೆಗಳಲ್ಲೂ ಹೀಗೆ ಆದದ್ದನ್ನು ನೋಡಿದ್ದೇನೆ ಎಂದರು.

ಮುಂದೇನು ಎಂಬುದಕ್ಕೆ ಮೂರು ದಾರಿ ಇಟ್ಟರು. ತಿರುಪನ್ನು ತೆಗೆದು ಬೇರೆ ಜಾಗದಲ್ಲಿ ಹಾಕುವುದು. ಆದರೆ ಹಿಡಿದುಕೊಳ್ಳಲು ಅಲ್ಲಿ ಮೂಳೆಯೇ ಉಳಿದಿಲ್ಲ. ಎಲ್ಲವನ್ನೂ ತೆಗೆದು, ಚೆಂಡನ್ನೂ ತೆಗೆದು, ಉದ್ದ ಕಾಂಡದ ಕೃತಕ ಕೀಲು ಕೂರಿಸುವುದು. ಮೊದಲಿನದಕ್ಕಿಂತ ದೊಡ್ಡ ಆಪರೇಷನ್, ರಕ್ತ ಹೆಚ್ಚು ಹೋಗುತ್ತದೆ. ಇಲ್ಲವೇ ಹಾಗೆಯೇ ಬಿಡುವುದು; ಹಾಸಿಗೆ, ಗಾಲಿಕುರ್ಚಿ, ನೋವಿನ ಮಾತ್ರೆ. ಹೃದಯದ ಡಾಕ್ಟರು ಅಕ್ಕನ ಒಂದು ಕವಾಟ ಗಟ್ಟಿಯಾಗಿದೆ, ಆಪರೇಷನ್ ಮೇಜಿನ ಮೇಲೆಯೇ ಏನಾದರೂ ಆಗಬಹುದು ಎಂದು ಮೊದಲೇ ಹೇಳಿದ್ದರು. ಮಲಗಿದ್ದಲ್ಲೇ ಮಲಗಿಸಿದರೂ ಅಪಾಯವೇ ಎಂದು ಸರ್ಜನ್ ಹೇಳಿದರು. ಶ್ವಾಸಕೋಶ, ಬೆನ್ನಿನ ಹುಣ್ಣು. ಅದು ನನಗೆ ಹೇಳಿಕೊಡಬೇಕಾದದ್ದಲ್ಲ.

ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಮಗ ಕೂತ. ಕೈಯಲ್ಲಿದ್ದ ಕಾಫಿ ಆರಿಹೋಗಿತ್ತು.

"ಹಾಗೇ ಬಿಟ್ಬಿಡೋಣ ಚಿಕ್ಕಮ್ಮ. ಅಟ್ಲೀಸ್ಟ್ ಅಮ್ಮ ಇರ್ತಾರೆ."

"ನಿಮ್ಮಮ್ಮನ್ನ ಕೇಳೋಣ."

"ಬೇಡ! ಭಯಪಟ್ಟುಬಿಡ್ತಾರೆ. ಮಂಡಿ ನೋವು, ರೆಸ್ಟ್ ಬೇಕು ಅಂತ ಹೇಳೋಣ. ಮಿಕ್ಕಿದ್ದು ನಾವು ಪಾತ್ಕೋಬಹುದು." ನೋಡಿಕೊಳ್ಳಬಹುದು ಎಂದು, ಅರ್ಧ ತಮಿಳಿನಲ್ಲಿ.

ಅವನು ಹುಟ್ಟಿದಾಗ ಮೊದಲು ಎತ್ತಿಕೊಂಡವರಲ್ಲಿ ನಾನೂ ಒಬ್ಬಳು. ಅವನ ಮೇಲೆ ಸಿಟ್ಟು ಬರಬೇಕಿತ್ತು, ಇಲ್ಲವೇ ಕನಿಕರ. ಯಾವುದೂ ಬರಲಿಲ್ಲ. ನಮ್ಮ ಕಡೆ ದೊಡ್ಡವರಿಗೆ ಅವರ ಕಾಯಿಲೆಯನ್ನು ಹೇಳುವ ಪದ್ಧತಿ ಇಲ್ಲ. ಅವರ ಬಗ್ಗೆ ಎಲ್ಲರಿಗೂ ಗೊತ್ತಿರುತ್ತದೆ, ಅವರೊಬ್ಬರನ್ನು ಬಿಟ್ಟು. ನಾನು ಕೆಲಸ ಮಾಡಿದ ವಾರ್ಡುಗಳಲ್ಲಿ ಅದಕ್ಕೆ ಎದುರು ಮಾತಾಡಿದವಳಲ್ಲ. ಆವತ್ತು ಫಿಲ್ಮುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದೆ.

"ಚಿಕ್ಕಮ್ಮ, ಎಲ್ಲಿಗೆ?"

"ಕಾಲು ಯಾರದ್ದೋ ಅವರ ಹತ್ರ."

ಅಕ್ಕನನ್ನು ಸೇರಿಸಿಕೊಂಡಿದ್ದ ವಾರ್ಡಿನ ಕಿಟಕಿಯ ಹೊರಗೆ ಲೋಕಲ್ ಟ್ರೈನು ಹೋಗುತ್ತಿತ್ತು. ಅದು ಹೋಗಲಿ ಎಂದು ಕಾದೆ. ಆಮೇಲೆ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದೆ. ಇದು ಸರಳು, ಇದು ತಿರುಪು, ಇದು ಚೆಂಡು, ತಿರುಪು ಚೆಂಡನ್ನು ಒಡೆದು ಆಚೆ ಬಂದಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಎಲ್ಲಿಗೆ ಹೊರಟಿದೆ ಇದು?"

"ಮೇಲಕ್ಕೆ."

"ನನಗಿಂತ ಅರ್ಜೆಂಟು ಇದಕ್ಕೆ."

ಮೂರು ದಾರಿಯನ್ನೂ ಹೇಳಿದೆ. ಮೇಜಿನ ಮೇಲೆ ಏನಾಗಬಹುದು ಎಂಬುದನ್ನೂ ಹೇಳಿದೆ. ನನ್ನ ದನಿ ಬಸ್ಸಿನ ನಿಲ್ದಾಣಗಳ ಹೆಸರು ಓದಿದಂತಿತ್ತು. ಮಗ ಬಾಗಿಲಲ್ಲಿ ಬಂದು ನಿಂತಿದ್ದ. ಅಕ್ಕ ಅವನನ್ನು ನೋಡಲಿಲ್ಲ.

"ನಾನು ಬಲಗಾಲಿಟ್ಟಿದ್ದಕ್ಕೆ ಹೀಗಾಯ್ತಾ?"

"ಗೊತ್ತಿಲ್ಲ ಅಕ್ಕ. ಡಾಕ್ಟರಿಗೂ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಹೌದು ಅಂತಾನಾ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ."

ಅವರು ಕನ್ನಡಕ ತೆಗೆದು ಸೆರಗಿಗಾಗಿ ತಡಕಿದರು. ಆಸ್ಪತ್ರೆಯ ಅಂಗಿಗೆ ಸೆರಗು ಎಲ್ಲಿ? ನನ್ನ ಸೆರಗನ್ನೇ ಎಳೆದುಕೊಂಡು ಕನ್ನಡಕ ಒರೆಸಿದರು.

"ಮಾಡ್ಸಿ. ಸತ್ರೆ ಸಾಯ್ತೀನಿ. ಮಲಗಿದ್ದಲ್ಲೇ ಎಲ್ಲಾ ಮಾಡ್ಕೊಂಡು, ಆ ಹುಡುಗಿ ಕೈಲಿ ತೊಳೆಸ್ಕೊಂಡು, ಆಮೇಲೆ ಅವಳು ಇಟ್ಟ ಕುಂಕುಮ ಸೊಟ್ಟ ಅಂತ ಹೇಳೋಕೆ ನನಗೆ ಯಾವ ಬಾಯಿರತ್ತೆ?"

ಬಾಗಿಲಲ್ಲಿದ್ದ ಮಗ ಒಳಗೆ ಬಂದು ಅವರ ಪಾದದ ಹತ್ತಿರ ಕೂತ. "ಸರಿಮ್ಮಾ" ಎಂದ.

ಆಪರೇಷನ್ ನಡೆಯುವಾಗ ನಾನು ಬೆಂಕಿ ಬಿದ್ದರೆ ಏನು ಮಾಡಬೇಕು ಎಂಬ ಗೋಡೆಯ ಮೇಲಿನ ಬೋರ್ಡನ್ನು ಓದುತ್ತಿದ್ದೆ. ತಮಿಳಿನಲ್ಲಿ ಓದಿ ಮುಗಿಸಿ ಇಂಗ್ಲಿಷಿನಲ್ಲಿ ಓದಿದೆ. ಮತ್ತೆ ತಮಿಳಿನಲ್ಲಿ. ಸೊಸೆ ಪಕ್ಕದಲ್ಲಿ ಸ್ತೋತ್ರ ಹೇಳಿಕೊಳ್ಳುತ್ತಿದ್ದಳು. ನನಗೆ ಒಂದು ಸಾಲೂ ನೆನಪಾಗಲಿಲ್ಲ. ಬೆಂಕಿ ಬಿದ್ದರೆ ಲಿಫ್ಟ್ ಬಳಸಬಾರದು, ಅದು ಈಗಲೂ ಬಾಯಿಪಾಠವಿದೆ.

ಸರ್ಜನ್ ಹೊರಬಂದು ಎಲ್ಲ ಸರಿಹೋಯಿತು ಎಂದರು. ಹಳೆಯ ಸರಳು, ತಿರುಪು ಎರಡೂ ಹೊರಬಂದಿವೆ, ಹೊಸ ಕೀಲನ್ನು ಸಿಮೆಂಟಿನಲ್ಲಿ ಕೂರಿಸಿದ್ದೇವೆ ಎಂದರು. ಮೂಳೆಯೊಳಗೆ ಹಾಕಲು ಬೇರೆಯದೇ ಒಂದು ಸಿಮೆಂಟ್ ಇದೆ. ಅದನ್ನು ಸೊಸೆಗೆ ವಿವರಿಸಿದೆ, ಅವಳು ಮನೆ ಕಟ್ಟುವ ಸಿಮೆಂಟ್ ಎಂದುಕೊಂಡು ಬೆಚ್ಚಿಬಿದ್ದಿದ್ದಳು.

ಎಲ್ಲ ಸರಿಹೋಗಿರಲಿಲ್ಲ. ಮಾರನೆಯ ದಿನ ಅಕ್ಕನಿಗೆ ಮಗನ ಗುರುತು ಸಿಗಲಿಲ್ಲ. ನರ್ಸನ್ನು ತಮ್ಮ ಅತ್ತೆ ಎಂದುಕೊಂಡು ಹೆದರಿದರು. ಕೈಯ ಸೂಜಿ ಕಿತ್ತುಕೊಂಡರು. ವಯಸ್ಸಾದವರಿಗೆ ದೊಡ್ಡ ಆಪರೇಷನ್ ಆದ ಮೇಲೆ ಹೀಗಾಗುವುದುಂಟು, ಸಾಮಾನ್ಯವಾಗಿ ತಿಳಿಯಾಗುತ್ತದೆ. "ಸಾಮಾನ್ಯವಾಗಿ" ಎಂಬ ಆ ಮಾತನ್ನು ನಾನು ಎಷ್ಟೋ ಮಕ್ಕಳಿಗೆ ಹೇಳಿದ್ದೇನೆ. ಮಗ ನನ್ನ ಮುಖ ನೋಡಿದ. ಅವನಿಗೂ ಹೇಳಿದೆ.

ಕನ್ನಡಕ ಹಾಕಿಸಿದೆ, ಕಿಟಕಿಯ ಪರದೆ ಸರಿಸಿದೆ, ಊಟದ ಹೊತ್ತಿಗೆ ಊಟ ಎಂದೆ, ಬೆಳಗಾದಾಗ ಬೆಳಗು ಎಂದೆ. ಮದ್ದು ಅದೇ. ಪಾದ ಹಿಡಿದು ಮೇಲೆ ಕೆಳಗೆ ಆಡಿಸುತ್ತಿದ್ದಾಗ ಅವರು ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಹೊಸ ಹುಡುಗಿ, ಇಲ್ಲಿ ಕೇಳು. ಸೇರು ಜೋರಾಗಿ ಒದೀಬೇಡ. ಅಕ್ಕಿ ದೂರ ಚೆಲ್ಲಿದ್ರೆ ಅತ್ತೆ ಬೈತಾರೆ. ಬೆರಳ ತುದಿ ತಾಗಿಸು ಸಾಕು. ನಾನು ಹಿಂದೇನೇ ಇದೀನಿ."

ಅದು ನನ್ನ ಮದುವೆಯ ದಿನ ಹೊಸ್ತಿಲಿನಲ್ಲಿ ಅವರು ಹೇಳಿದ ಮಾತು. ಅಕ್ಷರ ಅಕ್ಷರವೂ ಅದೇ. ನಾನದನ್ನು ಮರೆತಿದ್ದೆ. ಪಾದ ಆಡಿಸುವುದನ್ನು ನಿಲ್ಲಿಸದೆ "ಆಗಲಿ ಅಕ್ಕ" ಎಂದೆ.

ತಿಳಿಯಾಯಿತು. ಒಂದು ಬೆಳಿಗ್ಗೆ ಇಡ್ಲಿ ಕಲ್ಲಿನ ಹಾಗಿದೆ ಎಂದು ಬೈದರು, ಸೊಸೆ ಅತ್ತುಬಿಟ್ಟಳು. ಆ ದಿನವೇ ಅಕ್ಕನನ್ನು ಎಬ್ಬಿಸಿ ನಿಲ್ಲಿಸಿದೆ. ಈಗ ಹೊಸ ನಿಯಮಗಳು. ಕಾಲ ಮೇಲೆ ಕಾಲು ಹಾಕಬಾರದು, ತಗ್ಗಿನ ಕುರ್ಚಿ ಬೇಡ, ನೆಲದ ಮೇಲೆ ಕೂರುವುದು ಈ ಜನ್ಮಕ್ಕೆ ಇಲ್ಲ, ಬಗ್ಗಿ ಏನನ್ನೂ ಎತ್ತುವ ಹಾಗಿಲ್ಲ. ಬಗ್ಗಿದರೆ ಕೀಲು ಜಾರುತ್ತದೆ. "ರಾಣಿ ಮಾಡಿಬಿಟ್ಟೆ ನನ್ನ" ಎಂದರು. ಹಳೆಯ ನಿಯಮ ಒಂದು ಮಾತ್ರ ಉಳಿದಿತ್ತು. ಅದನ್ನು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಮನೆಗೆ ಬಂದ ದಿನ ಪ್ಯಾಸೇಜಿನಲ್ಲಿ ಆಟೋದವನು ಹಿಡಿದುಕೊಂಡು ಬಂದ ಚೀಲಗಳು, ವಾಕರ್, ನಾವು. ಒಳಗೆ ಸೊಸೆ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಪಕ್ಕದ ಫ್ಲಾಟಿನ ಮಾಮಿ ಬಾಗಿಲು ತೆರೆದು ನೋಡುತ್ತಿದ್ದರು. ಈ ಸಲ ಯಾರೂ ಕೂಗಲಿಲ್ಲ. ಎಲ್ಲರೂ ಅಕ್ಕನ ಪಾದಗಳನ್ನೇ ನೋಡುತ್ತಿದ್ದರು.

ನಾನು ಪಂಚೆಯ ಪಟ್ಟಿಯನ್ನು ಅವರ ಬೆನ್ನ ಹಿಂದೆ ಎರಡೂ ಕೈಯಲ್ಲಿ ಹಿಡಿದೆ. ಹೊಸ್ತಿಲಿನ ಮೇಲೆ ಅರಿಶಿನ ಹಸಿಯಾಗಿತ್ತು. ಸ್ವಲ್ಪ ತಿಟ್ಟುತಿಟ್ಟಾಗಿಯೇ ಇತ್ತು.

"ನೀನು ಮದುವೆಯಾಗಿ ಬಂದಾಗ ಯಾವ ಕಾಲಿಟ್ಟೆ?" ಎಂದು ಅಕ್ಕ ತಿರುಗದೆ ಕೇಳಿದರು.

"ಬಲಗಾಲೇ. ನೀವೇ ನಿಂತು ನೋಡಿದ್ರಲ್ಲ."

"ಈಗ ನನ್ನ ಹಿಂದೆ ಹತ್ತುವಾಗ?"

"ನನಗೆ ಯಾವುದಾದ್ರೂ ಆಗತ್ತೆ. ನನ್ನದು ಎರಡೂ ಒಳ್ಳೇ ಕಾಲು."

"ಹಾಗಿದ್ರೆ ನನ್ನ ಪಾಲಿನದನ್ನ ನೀನಿಡು."

ವಾಕರನ್ನು ಎತ್ತಿ ಮೇಲಿಟ್ಟರು. ಎಡಗಾಲು ಮೇಲೆ ಹೋಯಿತು. ಮೈ ಎದ್ದಿತು. ಬಲಗಾಲು ಹಿಂದೆ ಬಂದು ಪಕ್ಕದಲ್ಲಿ ನಿಂತಿತು. ಅಷ್ಟೇ. ಮಾಮಿ "ಮೆದುವಾ, ಮೆದುವಾ" ಎಂದರು, ನಿಧಾನ ಅಂತ. ನೈಟಿಯ ಅಂಚು ಎರಡೂ ಕಡೆ ಸಮನಾಗಿತ್ತು.

ಹೊಸ್ತಿಲು ದಾಟಿ ನಾನು ಬಲಗಾಲಿಟ್ಟೆ. ಅಕ್ಕ ಕತ್ತು ತಿರುಗಿಸಿ ಅದನ್ನು ನೋಡಿಕೊಂಡರು. ಆರತಿಯಾಯಿತು, ಕಣ್ಣಿಗೆ ಹೊಗೆ ಬಂತು, ಸೊಸೆ ತಟ್ಟೆಯ ಕೆಂಪು ನೀರನ್ನು ಹೊರಗೆ ಚೆಲ್ಲಿ ಬಂದಳು. ಮಗ ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿ ತಂದಿಟ್ಟ. ಅಕ್ಕ ಕೂರಲಿಲ್ಲ, ನಿಂತೇ ಇದ್ದರು.

"ಬಿಡೇ. ಒಳಗೆ ಬಂದಾಯ್ತು."

ಪಂಚೆಯ ಪಟ್ಟಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಬಿಡಬೇಕೆಂದು ಬೆರಳುಗಳಿಗೆ ಹೇಳಿದೆ. ಅವು ಮರಗಟ್ಟಿದ್ದವು, ಕೇಳಲಿಲ್ಲ. ಅಕ್ಕ ಒಂದು ಕೈಯನ್ನು ವಾಕರಿನಿಂದ ತೆಗೆದು ಹಿಂದಕ್ಕೆ ಚಾಚಿ, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.